ಕಾರು ನಮ್ದು, ವೋಲ್ಟೇಜು ಯಾರದ್ದು?

ನಿಮ್ಮ ಫೋನಿನ ಬ್ಯಾಟರಿ ಈಗ ಎಷ್ಟಿದೆ ಅಂತ ಕೇಳಿದರೆ ಹೆಚ್ಚುಕಮ್ಮಿ ನೋಡದೆಯೇ ಹೇಳ್ತೀರಿ. ಇಯರ್‌ಬಡ್ಸ್‌ನಲ್ಲಿ ಎಡಗಿವಿದು ಎಷ್ಟು, ಬಲಗಿವಿದು ಎಷ್ಟು ಅನ್ನೋದೂ ಗೊತ್ತು. ಕೈಗೆ ಕಟ್ಟಿಕೊಂಡ ವಾಚು "ಇನ್ನು ಹತ್ತೇ ಪರ್ಸೆಂಟು ಉಳಿದಿದೆ" ಅಂತ ಮಣಿಕಟ್ಟು ಅಲುಗಾಡಿಸಿ ಹೇಳುತ್ತೆ. ಸರಿ, ಹದಿನೈದು ಲಕ್ಷ ಕೊಟ್ಟು, ಏಳು ವರ್ಷದ ಇಎಂಐ ಹೊತ್ತು ತಂದ ಕಾರಿನ ಬ್ಯಾಟರಿ ಎಷ್ಟಿದೆ? ಅದನ್ನು ಚಾರ್ಜ್ ಮಾಡೋ ಆಲ್ಟರ್ನೇಟರ್ ಈ ಕ್ಷಣ ಎಷ್ಟು ವೋಲ್ಟ್ ಕೊಡ್ತಿದೆ? ಗೊತ್ತಿಲ್ಲ. ಹತ್ತಿಂಚಿನ ಟಚ್‌ಸ್ಕ್ರೀನ್ ಇದೆ. ಅದರಲ್ಲಿ ಹಾಡಿನ ಆಲ್ಬಮ್ಮಿನ ಚಿತ್ರ ಬರುತ್ತೆ, ನಾಳೆಯ ಹವಾಮಾನ ಬರುತ್ತೆ, ಕಾರಿನ ಒಳಗಿನ ದೀಪ ಯಾವ ಬಣ್ಣದ್ದಿರಬೇಕು ಅಂತ ಆರಿಸಿಕೊಳ್ಳೋಕೆ ಒಂದು ಪುಟವೇ ಇದೆ. ವೋಲ್ಟೇಜ್ ಮಾತ್ರ ಬರಲ್ಲ. ಅದಕ್ಕೆ ಇರೋದು ಒಂದು ಕೆಂಪು ದೀಪ. ಅದು ಹೊತ್ತಿಕೊಳ್ಳೋದು ಕಥೆ ಬಹುಪಾಲು ಮುಗಿದ ಮೇಲೆ.

ಆ ಅಂಕಿ ಕಾರಿಗೆ ಗೊತ್ತು. ಕ್ಷಣಕ್ಷಣವೂ ಅಳೆದುಕೊಳ್ತಾನೇ ಇರುತ್ತೆ. ನಮಗೆ ತೋರಿಸೋದು ಬೇಡ ಅಂತ ಯಾರೋ ತೀರ್ಮಾನ ಮಾಡಿದ್ದಾರೆ. ಈ ಬರಹ ಆ ತೀರ್ಮಾನದ ವಿರುದ್ಧ. ನನ್ನ ತಕರಾರು ಇಷ್ಟೇ: ಬ್ಯಾಟರಿಗೆ ಯಾವಾಗ, ಎಷ್ಟು ಊಟ ಹಾಕಬೇಕು ಅನ್ನೋ ಅಧಿಕಾರವನ್ನು ಕಾರು ಕಂಪನಿ ಪೂರ್ತಿಯಾಗಿ ತನ್ನ ಕೈಗೆ ತಗೊಂಡಿದೆ. ಬ್ಯಾಟರಿ ಸತ್ತಾಗ ಹೊಣೆ ಮಾತ್ರ ತಗೊಂಡಿಲ್ಲ.

ಮೊದಲು ಬಾನೆಟ್ಟಿನ ಒಳಗೆ ಏನು ನಡೀತಿದೆ ನೋಡೋಣ. ಎಂಜಿನಿಯರಿಂಗ್ ಓದಿದವರು ಈ ಪ್ಯಾರಾ ಹಾರಿಸಬಹುದು ಅನ್ನೋಣ ಅಂದ್ರೆ, ನಮ್ಮಲ್ಲಿ ಅದನ್ನು ಓದದವರೇ ಕಡಿಮೆ, ಓದಿ ನೆನಪಿಟ್ಟುಕೊಂಡವರು ಇನ್ನೂ ಕಡಿಮೆ.

ಎಂಜಿನ್ನಿನ ಬೆಲ್ಟು ಆಲ್ಟರ್ನೇಟರನ್ನು ತಿರುಗಿಸುತ್ತೆ. ಒಳಗೆ ತಿರುಗುವ ರೋಟರ್ ಒಂದು ಎಲೆಕ್ಟ್ರೋಮ್ಯಾಗ್ನೆಟ್, ಅಂದರೆ ಕರೆಂಟು ಕೊಟ್ಟಾಗ ಮಾತ್ರ ಅಯಸ್ಕಾಂತ. ಆ ಕರೆಂಟು ಎರಡು ಕಾರ್ಬನ್ ಬ್ರಶ್‌ಗಳ ಮೂಲಕ ಅದಕ್ಕೆ ಸಿಗುತ್ತೆ. ಸುತ್ತಲಿನ ಸುರುಳಿಗಳಲ್ಲಿ ಎಸಿ ಹುಟ್ಟುತ್ತೆ, ಡಯೋಡುಗಳು ಅದನ್ನು ಡಿಸಿ ಮಾಡುತ್ತವೆ. ಎಂಜಿನ್ 800 ಆರ್‌ಪಿಎಂನಿಂದ 5000ಕ್ಕೆ ಹೋದರೆ ವೋಲ್ಟೇಜೂ ಅದರ ಬೆನ್ನು ಹತ್ತಿ ಏರಬೇಕು. ಏರದ ಹಾಗೆ ನೋಡಿಕೊಳ್ಳೋದು ರೆಗ್ಯುಲೇಟರ್. ಅದರ ಕೆಲಸ ಒಂದೇ. ವೋಲ್ಟೇಜ್ ಜಾಸ್ತಿಯಾದರೆ ರೋಟರಿನ ಕರೆಂಟು ಕಡಿಮೆ ಮಾಡೋದು, ಕಡಿಮೆಯಾದರೆ ಜಾಸ್ತಿ ಮಾಡೋದು. ಇದನ್ನು ಆನ್-ಆಫ್, ಆನ್-ಆಫ್ ಅಂತ ಕಣ್ಣಿಗೆ ಕಾಣದಷ್ಟು ಬೇಗ ಮಾಡ್ತಾನೇ ಇರುತ್ತೆ.

ಎಷ್ಟು ವೋಲ್ಟಿಗೆ ಹಿಡಿದಿಡಬೇಕು? ಅದನ್ನು ಹೇಳೋದು ಬ್ಯಾಟರಿಯ ರಸಾಯನಶಾಸ್ತ್ರ. ನಮ್ಮ ಲೆಡ್-ಆಸಿಡ್ ಬ್ಯಾಟರಿಯಲ್ಲಿ ಆರು ಸೆಲ್ ಇವೆ. ಪೂರ್ತಿ ಚಾರ್ಜಾಗಿ ಸುಮ್ಮನಿದ್ದಾಗ ಒಟ್ಟು 12.6-12.7 ವೋಲ್ಟ್ ತೋರಿಸುತ್ತೆ. 12.2ಕ್ಕೆ ಇಳಿದರೆ ಅರ್ಧ ಖಾಲಿ ಅಂತ ಲೆಕ್ಕ. ಚಾರ್ಜ್ ಆಗಬೇಕಾದರೆ ಅದಕ್ಕಿಂತ ಮೇಲಿನ ಒತ್ತಡ ಬೇಕು, ಸುಮಾರು 14 ವೋಲ್ಟ್. 14.4 ದಾಟಿದಂತೆ ಒಳಗಿನ ನೀರು ಗಾಳಿಗುಳ್ಳೆಯಾಗಿ ಒಡೆಯೋಕೆ ಶುರು. ಕಡಿಮೆ ಕೊಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂರುತ್ತೆ, ಕೂತಿದ್ದು ಮತ್ತೆ ಸುಲಭವಾಗಿ ಕರಗಲ್ಲ. ಸೆಕೆ ಹೆಚ್ಚಾದರೆ ಕೊಡೋ ವೋಲ್ಟೇಜ್ ಸ್ವಲ್ಪ ಇಳಿಸಬೇಕು, ಚಳಿಯಾದರೆ ಏರಿಸಬೇಕು. ಜಾಸ್ತಿಯಾದರೂ ಸಾವು, ಕಡಿಮೆಯಾದರೂ ಸಾವು. ಎರಡರ ನಡುವಿನ ದಾರಿ ಒಂದು ವೋಲ್ಟಿನಷ್ಟೂ ಅಗಲ ಇಲ್ಲ.

ಹಿಂದೆ ಕಾರುಗಳಲ್ಲಿ ಡೈನಮೋ ಇತ್ತು, ಅದರ ಜೊತೆಗೆ ಕಟಕಟ ಅನ್ನೋ ಕಾಂಟ್ಯಾಕ್ಟುಗಳಿದ್ದ ಕಟೌಟ್ ಡಬ್ಬಿ. 1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ವೇಲಿಯಂಟ್ ಕಾರಿನಲ್ಲಿ ಆಲ್ಟರ್ನೇಟರ್ ಹಾಕಿದ ಮೇಲೆ ಡೈನಮೋ ಕಾಲ ಮುಗೀತಾ ಬಂತು. ಆಮೇಲೆ ರೆಗ್ಯುಲೇಟರ್ ಕೂಡ ಒಂದು ಚಿಕ್ಕ ಎಲೆಕ್ಟ್ರಾನಿಕ್ ಬಿಲ್ಲೆಯಾಗಿ ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡಿತು. ಅದಕ್ಕೆ ಒಂದೇ ಮಂತ್ರ ಗೊತ್ತಿತ್ತು: ಹದಿನಾಲ್ಕರ ಆಸುಪಾಸು, ಸದಾ. ಇದನ್ನು ಪರೀಕ್ಷೆ ಮಾಡೋದೂ ಅಷ್ಟೇ ಸುಲಭ. ಎಂಜಿನ್ ಸ್ಟಾರ್ಟ್ ಮಾಡು, ಮಲ್ಟಿಮೀಟರ್ ಇಡು, 13.8ರಿಂದ 14.4ರೊಳಗೆ ಇದ್ದರೆ ಮನೆಗೆ ಹೋಗು. ಹಳೇ ಜೀಪು, ಟ್ರ್ಯಾಕ್ಟರುಗಳ ಡ್ಯಾಶ್‌ಬೋರ್ಡಿನಲ್ಲಿ ಚಾರ್ಜಿಂಗ್ ತೋರಿಸೋಕೆ ಅಂತಲೇ ಒಂದು ಮುಳ್ಳಿನ ಮೀಟರ್ ಇರ್ತಿತ್ತು. ಎಸ್‌ಎಸ್‌ಎಲ್‌ಸಿ ಮುಟ್ಟದ ಡ್ರೈವರಿಗೂ ಅದರ ಭಾಷೆ ಬರ್ತಿತ್ತು.

ಈಗಿನ ಅನೇಕ ಕಾರುಗಳಲ್ಲಿ ರೆಗ್ಯುಲೇಟರ್ ಬರೀ ಆಜ್ಞಾಪಾಲಕ. ತೀರ್ಮಾನ ಮಾಡೋದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರು. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೆ ಒಂದು ಸಣ್ಣ ಸೆನ್ಸರ್ ಕೂತಿರುತ್ತೆ. ಒಳಗೆ ಹೋದ ಕರೆಂಟು, ಹೊರಗೆ ಬಂದ ಕರೆಂಟು, ವೋಲ್ಟೇಜು, ಬಿಸಿ ಎಲ್ಲದರ ಲೆಕ್ಕ ಅದು ಇಡುತ್ತೆ. ಆ ಲೆಕ್ಕ ನೋಡಿ ಇಸಿಯು ಒಂದು ತಂತಿಯ ಮೂಲಕ ರೆಗ್ಯುಲೇಟರಿಗೆ ಹೇಳುತ್ತೆ: ಈಗ ಹನ್ನೆರಡೂವರೆ ಸಾಕು, ಈಗ ಹದಿನೈದರ ಹತ್ತಿರಕ್ಕೆ ಏರಿಸು. ನೀವು ಆಕ್ಸಿಲರೇಟರ್ ಒತ್ತಿದಾಗ ಆಲ್ಟರ್ನೇಟರನ್ನು ಹೆಚ್ಚುಕಮ್ಮಿ ಸುಮ್ಮನಿರಿಸುತ್ತೆ. ಕಾಲು ತೆಗೆದಾಗ, ಬ್ರೇಕ್ ಹಾಕಿದಾಗ, ಹೇಗೂ ವ್ಯರ್ಥವಾಗೋ ವೇಗವನ್ನು ಕರೆಂಟು ಮಾಡಿ ಬ್ಯಾಟರಿಗೆ ತುಂಬುತ್ತೆ. ಹಾಗೆ ತುಂಬೋಕೆ ಜಾಗ ಬೇಕಲ್ಲ, ಅದಕ್ಕೆ ಬ್ಯಾಟರಿಯನ್ನು ಬೇಕಂತಲೇ ಪೂರ್ತಿ ತುಂಬಿಸದೆ ಇಡುತ್ತೆ.

ಇದು ಜಾಣ ಕೆಲಸ. ಅದನ್ನು ಒಪ್ಪದಿದ್ದರೆ ನಾನು ಅನ್ಯಾಯ ಮಾಡಿದಂತೆ. 70 ಆಂಪಿಯರ್ ಕರೆಂಟನ್ನು 13.5 ವೋಲ್ಟಿನಲ್ಲಿ ಕೊಟ್ಟರೆ ಸುಮಾರು 950 ವ್ಯಾಟ್. ಆಲ್ಟರ್ನೇಟರಿನ ದಕ್ಷತೆ ನೂರಕ್ಕೆ ಅರವತ್ತರ ಆಚೀಚೆ ಅಂತಿಟ್ಟುಕೊಂಡರೆ ಎಂಜಿನ್ನಿಂದ ಅದು ಕೀಳೋದು ಒಂದೂವರೆ ಕಿಲೋವ್ಯಾಟ್, ಅಂದರೆ ಎರಡು ಹಾರ್ಸ್‌ಪವರ್. ಹೊಲದ ಒಂದು ಚಿಕ್ಕ ಪಂಪ್‌ಸೆಟ್ಟನ್ನು ಬಾನೆಟ್ ಒಳಗೆ ಇಟ್ಟುಕೊಂಡು ಓಡಾಡಿದ ಹಾಗೆ. ಅದನ್ನು ಬೇಕಾದಾಗ ಮಾತ್ರ ಓಡಿಸೋದು ಸರಿಯಾದ ಲೆಕ್ಕವೇ.

ಲೆಕ್ಕ ಸರಿ, ಲಾಭ ಯಾರ ಖಾತೆಗೆ? 2017-18ರಿಂದ ನಮ್ಮಲ್ಲಿ ಕೆಫೆ ನಿಯಮ ಇದೆ. ಕಾಫಿ ಕುಡಿಯೋ ಕೆಫೆ ಅಲ್ಲ. ಒಂದು ಕಂಪನಿ ಮಾರಿದ ಎಲ್ಲ ಕಾರುಗಳ ಸರಾಸರಿ ಇಂಧನ ಬಳಕೆಗೆ ಸರ್ಕಾರ ಹಾಕಿರೋ ಮಿತಿ ಇದು. ಮೊದಲ ಹಂತದಲ್ಲಿ ಕಿಲೋಮೀಟರಿಗೆ ಸುಮಾರು 130 ಗ್ರಾಂ ಇಂಗಾಲದ ಡೈಆಕ್ಸೈಡ್ ಇತ್ತು, 2022-23ರಿಂದ ಅದು ಸುಮಾರು 113ಕ್ಕೆ ಬಿಗಿಯಾಯಿತು. ಅಲ್ಲಿ ಒಂದೊಂದು ಗ್ರಾಮೂ ಕಂಪನಿಗೆ ದುಡ್ಡು. ಆ ಗ್ರಾಮುಗಳನ್ನು ಅಳೆಯೋದು ಲ್ಯಾಬಿನಲ್ಲಿ, ರೋಲರ್ ಮೇಲೆ, ಸುಮಾರು 20 ನಿಮಿಷದ ಸಿದ್ಧ ಓಟದಲ್ಲಿ, ಎಸಿ ಆಫ್ ಮಾಡಿ. ನಾವು ಓಡಿಸೋದು ಸಿಲ್ಕ್ ಬೋರ್ಡಿನಲ್ಲಿ, ಮಳೆಯಲ್ಲಿ, ಎಸಿ ಹಾಕಿ, ಹೆಡ್‌ಲೈಟ್, ವೈಪರ್, ಹಿಂದಿನ ಗಾಜಿನ ಡೀಫಾಗರ್ ಎಲ್ಲ ಹಾಕಿ, ಎರಡು ಫೋನು ಚಾರ್ಜಿಗಿಟ್ಟು. ಅಲ್ಲಿ ಕಾಲು ತೆಗೆದರೆ ಸಿಗೋ ಪುಕ್ಕಟೆ ವೇಗ ಎಲ್ಲಿದೆ? ಗಂಟೆಗೆ ಎಂಟು ಕಿಲೋಮೀಟರಿನಲ್ಲಿ ತೆವಳೋ ಕಾರಿನ ಬ್ರೇಕಿಂದ ಎಷ್ಟು ಕರೆಂಟು ಹಿಂಡೋಕಾಗುತ್ತೆ? ಬ್ಯಾಟರಿ ತೀರಾ ಇಳಿದರೆ ಇಸಿಯು ವೋಲ್ಟೇಜ್ ಏರಿಸುತ್ತೆ, ನಿಜ. ಆದರೆ ಐಡಲಿಂಗ್‌ನಲ್ಲಿ ಆಲ್ಟರ್ನೇಟರಿನ ತಾಕತ್ತೇ ಅರ್ಧದಷ್ಟು ಅಥವಾ ಇನ್ನೂ ಕಡಿಮೆ. ಸ್ಟಾರ್ಟ್-ಸ್ಟಾಪ್ ಇರೋ ಕಾರಾದರೆ ಸಿಗ್ನಲ್ಲಿನಲ್ಲಿ ಎಂಜಿನ್ನೇ ನಿಂತಿರುತ್ತೆ, ಅಷ್ಟೂ ಭಾರ ಬ್ಯಾಟರಿ ಮೇಲೆ.

ಇನ್ನು ವರ್ಕ್ ಫ್ರಮ್ ಹೋಮ್. ಕಾರು ಬೇಸ್‌ಮೆಂಟಿನಲ್ಲಿ ಮಲಗಿದ್ದರೂ ಅಲಾರಂ, ಫೋನಿನ ಆ್ಯಪ್ ಜೊತೆ ಮಾತಾಡೋ ಸಿಮ್ಮು, ಒಳಗಿನ ಹತ್ತಾರು ಕಂಪ್ಯೂಟರುಗಳು ಒಂದಿಷ್ಟು ಕರೆಂಟು ಹೀರ್ತಾನೇ ಇರುತ್ತವೆ. 30 ಮಿಲಿಆಂಪ್ ಅನ್ನೋಣ. ದಿನಕ್ಕೆ 0.72 ಆಂಪಿಯರ್-ಅವರ್, ತಿಂಗಳಿಗೆ 21ಕ್ಕೂ ಹೆಚ್ಚು. ನಿಮ್ಮದು 45 ಆಂಪಿಯರ್-ಅವರ್ ಬ್ಯಾಟರಿ ಆಗಿದ್ದರೆ ಹತ್ತಿರಹತ್ತಿರ ಅರ್ಧ ಖಾಲಿ, ಅದೂ ಮೊದಲೇ ಪೂರ್ತಿ ತುಂಬಿಸದೆ ಬಿಟ್ಟ ಬ್ಯಾಟರಿಯಲ್ಲಿ. ಭಾನುವಾರ ಮಗುವನ್ನು ಕೂರಿಸಿಕೊಂಡು ಹೊರಟರೆ ಸೆಲ್ಫ್ ಟಕ್ ಟಕ್ ಅನ್ನುತ್ತೆ, ಎತ್ತಲ್ಲ.

ಆಗ ಶುರುವಾಗುತ್ತೆ ನೋಡಿ ಹೊಣೆಯ ಆಟ. ಬ್ಯಾಟರಿ ಸಾಮಾನ್ಯವಾಗಿ ಕಾರಿನ ವಾರಂಟಿಯಲ್ಲಿ ಬರಲ್ಲ. ಟೈರಿನ ಹಾಗೆ ಅದನ್ನೂ ಅದರ ತಯಾರಕರ ಪಾಲಿಗೆ ಬಿಟ್ಟಿರ್ತಾರೆ. ಬ್ಯಾಟರಿ ಕಂಪನಿ ಕೇಳುತ್ತೆ: ಸರಿಯಾಗಿ ಚಾರ್ಜ್ ಆಗಿದೆಯಾ ಸಾರ್? ಸರಿಯಾಗಿ ಚಾರ್ಜ್ ಮಾಡೋ ಕೆಲಸ ಕಾರು ಕಂಪನಿಯ ಸಾಫ್ಟ್‌ವೇರಿನದ್ದು. ಕಾರು ಕಂಪನಿ ಕೇಳುತ್ತೆ: ಕಾರು ಕಡಿಮೆ ಓಡಿಸ್ತೀರಾ ಸಾರ್? ಮೈಲೇಜಿನ ಗ್ರಾಂ ಉಳಿಸಿದವರು ಅವರು, ಹೊಸ ಬ್ಯಾಟರಿಗೆ ಜಿಪೇ ಮಾಡಿದವರು ನಾವು. ಅದೂ ಹಳೇ ಥರದ ಬ್ಯಾಟರಿ ಆಗಲ್ಲ. ಹೀಗೆ ಏರಿಳಿಸೋ ಚಾರ್ಜಿಂಗ್ ತಡೆಯೋಕೆ ಇಎಫ್‌ಬಿ ಅಥವಾ ಎಜಿಎಂ ಅನ್ನೋ ಗಟ್ಟಿ ಜಾತಿ ಬೇಕು, ಅದಕ್ಕೆ ಬೆಲೆಯೂ ಹೆಚ್ಚು. ಹಣ್ಣು ತಿಂದೋನು ನುಣುಚಿಕೊಂಡ, ಸಿಪ್ಪೆ ತಿಂದೋನು ಸಿಕ್ಕಾಕ್ಕೊಂಡ ಅಂತಾರಲ್ಲ, ಇದೇ.

ರಿಪೇರಿಯ ಕಡೆ ಬನ್ನಿ. ಆಲ್ಟರ್ನೇಟರಿನಲ್ಲಿ ಸವೆಯೋ ಭಾಗಗಳು ಬೆರಳೆಣಿಕೆಯಷ್ಟು. ಕಾರ್ಬನ್ ಬ್ರಶ್, ಬೇರಿಂಗ್, ಆಗಾಗ ರೆಗ್ಯುಲೇಟರ್, ಡಯೋಡ್. ನನ್ನ ಕಾರಿನ ಚಾರ್ಜಿಂಗ್ ದೀಪ ಹೊತ್ತಿದಾಗ ಒಂದು ಅಧಿಕೃತ ಸರ್ವಿಸ್ ಸೆಂಟರಿನ ಅಡ್ವೈಸರ್ ಹೇಳಿದ್ದು ಒಂದೇ ಮಾತು: "ಅಸೆಂಬ್ಲಿ ಚೇಂಜ್ ಮಾಡ್ಬೇಕು ಸರ್." ಒಳಗೆ ಯಾವ ಭಾಗ ಹೋಗಿದೆ ಅಂತ ಕೇಳಿದೆ. "ಅದೆಲ್ಲ ಬಿಚ್ಚಲ್ಲ ಸರ್, ಪಾರ್ಟ್ ನಂಬರ್ ಇರೋದು ಅಸೆಂಬ್ಲಿಗೆ ಮಾತ್ರ." ಆಮೇಲೆ ನಮ್ಮ ಏರಿಯಾದ ಆಟೋ ಎಲೆಕ್ಟ್ರಿಷಿಯನ್ ಬಿಚ್ಚಿ ನೋಡಿದರು. ಬ್ರಶ್ ಸವೆದಿತ್ತು. ಜೆಸಿ ರೋಡಿನಿಂದ ಬ್ರಶ್ ಸೆಟ್ ತರಿಸಿ ಸಂಜೆಯೊಳಗೆ ಕೊಟ್ಟರು. ಖರ್ಚಾಗಿದ್ದು ಅಸೆಂಬ್ಲಿ ಬೆಲೆಯ ಒಂದು ಚೂರು.

ಆದರೆ ಆ ಎಲೆಕ್ಟ್ರಿಷಿಯನ್ನರ ಕಾಲ ಕೆಳಗಿನ ನೆಲವೂ ಜಾರ್ತಿದೆ. ಇಸಿಯು ಮಾತು ಕೇಳೋ ಕಾರಿಗೆ ಅವರು ಮಲ್ಟಿಮೀಟರ್ ಇಟ್ಟರೆ 12.6 ತೋರಿಸಬಹುದು. ಹಳೇ ಲೆಕ್ಕದಲ್ಲಿ ಆಲ್ಟರ್ನೇಟರ್ ಸತ್ತಿದೆ. ಹೊಸ ಲೆಕ್ಕದಲ್ಲಿ ಅದು ಆ ಕ್ಷಣದ ಜಾಣತನ ಆಗಿರಬಹುದು. ಕೆಲವು ಕಾರುಗಳಲ್ಲಿ ಹೆಡ್‌ಲೈಟ್ ಹಾಕಿದ ತಕ್ಷಣ ಅದೇ ಮೀಟರ್ 14 ದಾಟುತ್ತೆ. ಯಾವ ಕಾರು, ಯಾವಾಗ, ಎಷ್ಟು ತೋರಿಸಬೇಕು? ಅದು ಕಂಪನಿಯ ಒಳಗಿನ ಕೈಪಿಡಿಯಲ್ಲಿದೆ. ಬ್ಯಾಟರಿ ಬದಲಾಯಿಸಿದ ಮೇಲೆ "ಹೊಸದು ಹಾಕಿದೀವಿ" ಅಂತ ಕೆಲವು ಕಾರುಗಳ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿ ಹೇಳಬೇಕು, ಇಲ್ಲದಿದ್ದರೆ ಹೊಸ ಬ್ಯಾಟರಿಗೂ ಹಳೇ ಮುದುಕನ ಲೆಕ್ಕದಲ್ಲೇ ಚಾರ್ಜಿಂಗ್. ಈ ಮಾಹಿತಿ ಮುಚ್ಚಿಟ್ಟರೆ ಚೆನ್ನಾಗಿರೋ ಆಲ್ಟರ್ನೇಟರ್ ಗುಜರಿಗೆ ಹೋಗುತ್ತೆ, ಕೆಟ್ಟಿದ್ದು ಕಾರಿನಲ್ಲೇ ಉಳಿಯುತ್ತೆ.

ಗೊತ್ತಿಲ್ಲದ ಜಾಗದಲ್ಲಿ ಮೂಢನಂಬಿಕೆ ಹುಟ್ಟೋದು ಸಹಜ. ಎಂಜಿನ್ ಓಡ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು, "ಬಂದ್ ಆಗ್ಲಿಲ್ಲ, ಆಲ್ಟರ್ನೇಟರ್ ಓಕೆ" ಅನ್ನೋ ಪರೀಕ್ಷೆ ಇವತ್ತಿಗೂ ನಡೀತಿದೆ. ದಯವಿಟ್ಟು ನಿಮ್ಮ ಕಾರಿಗೆ ಮಾಡೋಕೆ ಬಿಡಬೇಡಿ. ಕರೆಂಟು ಹೀರ್ತಿದ್ದ ಬ್ಯಾಟರಿ ತಟ್ಟನೆ ಕೈಬಿಟ್ಟರೆ ರೆಗ್ಯುಲೇಟರ್ ಸಾವರಿಸಿಕೊಳ್ಳೋ ಮೊದಲೇ ವೋಲ್ಟೇಜ್ ಹತ್ತಾರು ವೋಲ್ಟಿಗೆ ಚಿಮ್ಮಬಹುದು, ಕಂಪ್ಯೂಟರುಗಳು ಸುಡಬಹುದು. ಇನ್ನೊಂದು ವಿಷಯ. ಡ್ಯಾಶ್‌ಕ್ಯಾಮ್, ಆಂಪ್ಲಿಫೈಯರ್ ಹಾಕಿಸುವಾಗ ಅದರ ಅರ್ತ್ ತಂತಿಯನ್ನು ನೇರವಾಗಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೆ ಕಟ್ಟಿದರೆ ಆ ಕರೆಂಟು ಸೆನ್ಸರಿನ ಲೆಕ್ಕಕ್ಕೆ ಸಿಗಲ್ಲ, ಬ್ಯಾಟರಿ ತುಂಬಿದೆ ಅಂತ ಕಾರು ತಪ್ಪು ತಿಳಿಯುತ್ತೆ. ಬಾಡಿಗೆ ಕಟ್ಟಿಸಬೇಕು. ಇಷ್ಟು ಸಣ್ಣ ಮಾತನ್ನು ಮಾಲೀಕನಿಗೆ ಕಾರು ಕೊಡುವಾಗಲೇ ಹೇಳೋಕೆ ಏನು ಕಷ್ಟ? ಕೀ ಕೊಡುವಾಗ ಹಾರ ಹಾಕಿ, ಕೇಕ್ ಕತ್ತರಿಸಿ, ಫೋಟೋ ತೆಗೆಯೋಕೆ ಟೈಮ್ ಇರುತ್ತಲ್ಲ?

ಇದಕ್ಕೆ ಬರೋ ಉತ್ತರಗಳು ನನಗೆ ಗೊತ್ತು. ಮೊದಲನೆಯದು, "ಜನಸಾಮಾನ್ಯರಿಗೆ ವೋಲ್ಟೇಜ್ ಅರ್ಥ ಆಗಲ್ಲ, ಸುಮ್ಮನೆ ಗಾಬರಿ ಆಗ್ತಾರೆ." ಟೈರಿನ ಗಾಳಿ ಪಿಎಸ್‌ಐ ಲೆಕ್ಕದಲ್ಲಿ ತೋರಿಸ್ತೀರಿ, ಎಷ್ಟಿರಬೇಕು ಅಂತ ಬಾಗಿಲ ಪಕ್ಕದಲ್ಲಿ ಸ್ಟಿಕ್ಕರ್ ಅಂಟಿಸ್ತೀರಿ, ಯಾರೂ ಗಾಬರಿಯಾಗಿ ಓಡಿಹೋಗಿಲ್ಲ. ಎರಡನೆಯದು, "ಸುರಕ್ಷತೆ." ವೋಲ್ಟೇಜ್ ತಿರುವೋ ಗುಂಡಿ ಕೊಡಿ ಅಂತ ನಾನು ಕೇಳ್ತಿಲ್ಲ. 16 ವೋಲ್ಟ್ ಹರಿದರೆ ಏನಾಗುತ್ತೆ ಅಂತ ನನಗೂ ಗೊತ್ತು. ನೋಡೋದಕ್ಕೂ ತಿರುವೋದಕ್ಕೂ ವ್ಯತ್ಯಾಸ ಇದೆ. ಮೂರನೆಯದು, "ಇನ್ನೇನು ಎಲ್ಲ ಇವಿ ಆಗುತ್ತೆ, ಆಲ್ಟರ್ನೇಟರೇ ಇರಲ್ಲ." ಆಲ್ಟರ್ನೇಟರ್ ಇರಲ್ಲ, ಆದರೆ ಹೆಚ್ಚಿನ ಇವಿಗಳಲ್ಲೂ ಮೂಲೆಯಲ್ಲೊಂದು 12 ವೋಲ್ಟಿನ ಚಿಕ್ಕ ಬ್ಯಾಟರಿ ಕೂತಿದೆ. ದೊಡ್ಡ ಬ್ಯಾಟರಿಯಿಂದ ಕನ್ವರ್ಟರ್ ಅದನ್ನು ಚಾರ್ಜ್ ಮಾಡುತ್ತೆ. ಅದು ಸತ್ತರೆ ಸ್ಕ್ರೀನಿನಲ್ಲಿ 80 ಪರ್ಸೆಂಟ್ ತೋರಿಸ್ತಿದ್ದ ಕಾರು ಏಳೋದೇ ಇಲ್ಲ. ಅಲ್ಲೂ ದೊಡ್ಡದರ ಅಂಕಿ ತೋರಿಸಿ ಚಿಕ್ಕದರ ಅಂಕಿ ಮುಚ್ಚಿಡೋ ಅದೇ ಅಭ್ಯಾಸ.

ಕಾನೂನಿನ ಕಡೆ ಬಾಗಿಲು ಪೂರ್ತಿ ಮುಚ್ಚಿಲ್ಲ. 2014ರ ಆಗಸ್ಟ್‌ನಲ್ಲಿ ಕಾಂಪಿಟೀಶನ್ ಕಮಿಷನ್ ಆಫ್ ಇಂಡಿಯಾ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಯಷ್ಟು ದಂಡ ಹಾಕಿತು. ಬಿಡಿಭಾಗ ಮತ್ತು ದೋಷ ಪತ್ತೆಯ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಾರೆ ಅನ್ನೋದೇ ಅಲ್ಲಿನ ಆರೋಪ. ಆಮೇಲೆ ಮೇಲ್ಮನವಿಗಳಾದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗೆ ಅಂತ ಸಮಿತಿ ಮಾಡಿತು, ಪೋರ್ಟಲ್ ತೆರೆಯಿತು. ಅದು ಗುರುತಿಸಿದ ನಾಲ್ಕು ಕ್ಷೇತ್ರಗಳಲ್ಲಿ ವಾಹನವೂ ಒಂದು. ಬಾಗಿಲು ಇದೆ, ತಟ್ಟೋರು ಬೇಕು.

ತಟ್ಟಬೇಕಾದವರು ನಾವೇ ಅನ್ನೋದಕ್ಕೆ ಇನ್ನೊಂದು ಕಾರಣ ಇದೆ. ಆಲ್ಟರ್ನೇಟರ್ ತಯಾರಿಸೋ ಕಾರ್ಖಾನೆ ಇರೋದು ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದ ನಾಗನಾಥಪುರದಲ್ಲಿ. ಜಗತ್ತಿನ ಕಾರುಗಳ ಇಸಿಯುಗಳಿಗೆ ಕೋಡ್ ಬರೆಯೋ ಸಾವಿರಾರು ಜನ ಕೋರಮಂಗಲದಿಂದ ವೈಟ್‌ಫೀಲ್ಡ್‌ವರೆಗೆ ಹರಡಿಕೊಂಡಿದ್ದಾರೆ. ಇದನ್ನು ಓದ್ತಿರೋ ನಿಮ್ಮಲ್ಲೇ ಕೆಲವರು ಇರಬಹುದು. ಹಗಲು ಯಾವುದೋ ದೇಶದ ಕಾರಿಗೆ ಚಾರ್ಜಿಂಗ್ ಲಾಜಿಕ್ ಟೆಸ್ಟ್ ಮಾಡಿ, ಸಂಜೆ ತಮ್ಮದೇ ಕಾರಿನ ಬ್ಯಾಟರಿ ಸತ್ತಾಗ "ಭಯ್ಯಾ, ಜಂಪ್ ಸ್ಟಾರ್ಟ್" ಅಂತ ಫೋನ್ ಹಚ್ಚೋ ಊರು ನಮ್ಮದು. ಆ ಅಂಕಿಯನ್ನು ಸ್ಕ್ರೀನಿಗೆ ತರೋಕೆ ಎಷ್ಟು ಸ್ಪ್ರಿಂಟ್ ಬೇಕು ಅಂತ ನಿಮಗೇ ಗೊತ್ತು.

ನಾನು ಕೇಳೋದು ನಾಲ್ಕೇ. ಒಂದು, ಚಾರ್ಜಿಂಗ್ ವೋಲ್ಟೇಜು ಮತ್ತು ಬ್ಯಾಟರಿಯ ಸ್ಥಿತಿ ಸ್ಕ್ರೀನಿನಲ್ಲಿ ಕಾಣಲಿ. ಎರಡು, ಯಾವ ಪರಿಸ್ಥಿತಿಯಲ್ಲಿ ಎಷ್ಟಿರಬೇಕು ಅನ್ನೋದು ಮಾಲೀಕನ ಕೈಪಿಡಿಯಲ್ಲಿ ಇರಲಿ. ಮೂರು, ರೆಗ್ಯುಲೇಟರ್ ಮತ್ತು ಬ್ರಶ್ಶು ಬಿಡಿಯಾಗಿ ಸಿಗಲಿ, ಹೊಸ ಬ್ಯಾಟರಿ ದಾಖಲಿಸೋ ಕೆಲಸ ಯಾವ ಗ್ಯಾರೇಜಿನವರಿಗೂ ಮಾಡೋಕೆ ಬರಲಿ. ನಾಲ್ಕು, ಚಾರ್ಜಿಂಗ್ ಹೇಗಿರಬೇಕು ಅಂತ ತೀರ್ಮಾನಿಸೋ ಕಂಪನಿಯೇ ವಾರಂಟಿ ಅವಧಿಯಲ್ಲಿ ಬ್ಯಾಟರಿಯ ಹೊಣೆಯನ್ನೂ ಹೊರಲಿ. ಬಡಿಸೋ ಸೌಟು ನಿಮ್ಮ ಕೈಯಲ್ಲೇ ಇರಲಿ ಸ್ವಾಮಿ, ಎಷ್ಟು ಬಡಿಸಿದಿರಿ ಅಂತ ಹೇಳಿ ಸಾಕು.

ಅಲ್ಲಿಯವರೆಗೆ ಕಾಯ್ತಾ ಕೂರಬೇಕಿಲ್ಲ. ಸಿಗರೇಟ್ ಸಾಕೆಟ್ಟಿಗೆ ಚುಚ್ಚೋ ಒಂದು ಚಿಕ್ಕ ವೋಲ್ಟ್‌ಮೀಟರ್, ಇಲ್ಲವೇ ಒಂದು ಓಬಿಡಿ ಡಾಂಗಲ್ ತಗೊಳ್ಳಿ. ಒಂದು ವಾರ ಆಫೀಸಿಗೆ ಹೋಗಿ ಬರುವಾಗ ಅಂಕಿ ಹೇಗೆ ಏರಿಳಿಯುತ್ತೆ ಅಂತ ನೋಡಿ, ನಿಮ್ಮ ಕಾರಿನ ಸ್ವಭಾವ ತಾನಾಗಿ ಅರ್ಥ ಆಗುತ್ತೆ. ಮುಂದಿನ ಸಲ ಸರ್ವಿಸ್ಸಿಗೆ ಬಿಟ್ಟಾಗ ಜಾಬ್ ಕಾರ್ಡಿನಲ್ಲಿ ಒಂದು ಸಾಲು ಬರೆಸಿ: "ಚಾರ್ಜಿಂಗ್ ವೋಲ್ಟೇಜ್ ಎಷ್ಟಿದೆ, ಎಷ್ಟಿರಬೇಕು? ಬರೆದು ಕೊಡಿ." ಅಡ್ವೈಸರ್ ತಲೆ ಕೆರೆದುಕೊಳ್ತಾರೆ, ಒಳಗೆ ಹೋಗಿ ಯಾರನ್ನೋ ಕೇಳ್ತಾರೆ. ಒಬ್ಬರು ಕೇಳಿದರೆ ತಲೆಹರಟೆ ಅಂದ್ಕೊಂಡು ಸುಮ್ಮನಾಗ್ತಾರೆ. ದಿನಕ್ಕೆ ಇಪ್ಪತ್ತು ಜನ ಕೇಳಿದರೆ ಆ ಪ್ರಶ್ನೆಗೆ ಫಾರ್ಮಿನಲ್ಲೇ ಒಂದು ಕಾಲಂ ಮಾಡಬೇಕಾಗುತ್ತೆ.